ಪುಲ್ಲಿಯ ಮೇಲಿನ ಸುಣ್ಣದ ಬೊಟ್ಟು

ಮರ್ಫಿ ಟೌನ್, ಹಲಸೂರು
೨೨-೬-೧೯೭೬, ಮಂಗಳವಾರ

ಪ್ರೀತಿಯ ತಮ್ಮ ಮುನಿರಾಜಪ್ಪನಿಗೆ,

ನಿನ್ನ ಅಣ್ಣ ಮುನಿವೆಂಕಟಪ್ಪ ಬರೆಯುತ್ತಿರುವುದು. ಹೇಗಿದ್ದೀಯ? ಹೊಸಪೇಟೆಯ ಬಿಸಿಲು ನಿನ್ನ ಮೂಗಿಗೆ ಆಗಿಬರುವುದಿಲ್ಲ. ಚಿಕ್ಕಂದಿನಲ್ಲಿ ಬೇಸಿಗೆ ಬಂತೆಂದರೆ ಮೂಗಿನಿಂದ ರಕ್ತ ಸುರಿಸಿಕೊಂಡು ಅಮ್ಮನ ಸೆರಗನ್ನೆಲ್ಲ ಹಾಳುಮಾಡುತ್ತಿದ್ದೆ. ತಲೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡು. ಅಮ್ಮನಿಗೆ ಮಂಡಿನೋವು ಇದ್ದಹಾಗೇ ಇದೆ. ಎಣ್ಣೆ ತಿಕ್ಕಿಸಿಕೊಳ್ಳುತ್ತಾಳೆ, ಆಮೇಲೆ ಎಣ್ಣೆಗೇ ಬೈಯುತ್ತಾಳೆ. ನಿನ್ನ ಅತ್ತಿಗೆ ಆಂಜನಮ್ಮ ಚೆನ್ನಾಗಿದ್ದಾಳೆ. ನಿನ್ನ ವಿಳಾಸ ಕೊಟ್ಟವರು ನಮ್ಮ ರಿಪೇರಿ ಷೆಡ್ಡಿನ ಪಕ್ಕದ ಲೇತ್ ಅಂಗಡಿಯ ಅಹ್ಮದ್ ಪಾಷಾ ಸಾಹೇಬರು. ಅವರ ಅಳಿಯ ಲಾರಿ ತೆಗೆದುಕೊಂಡು ಆ ಕಡೆ ಬಂದಿದ್ದಾಗ ನಿನ್ನನ್ನು ಯಾವುದೋ ಲಾರಿ ರಿಪೇರಿ ಷೆಡ್ಡಿನಲ್ಲಿ ಕಂಡನಂತೆ. ನೀನು ಅವನಿಗೆ ಟೀ ಕೊಡಿಸಿ, ಅಮ್ಮನನ್ನು ವಿಚಾರಿಸಿ, ಅತ್ತಿಗೆಯನ್ನು ವಿಚಾರಿಸಿ, ಮೂರನೆಯ ಹೆಸರು ಬರುವ ಹೊತ್ತಿಗೆ ಗ್ರೀಸ್ ಡಬ್ಬ ಹುಡುಕಲು ಎದ್ದು ಹೋದೆಯಂತೆ. ಅದರಲ್ಲಿ ನಿನ್ನ ತಪ್ಪೇನೂ ಇಲ್ಲ. ಈ ಎಂಟು ತಿಂಗಳಲ್ಲಿ ನಾನೂ ಎಲ್ಲಿಯೂ ನಿನ್ನ ಹೆಸರೆತ್ತಿಲ್ಲ.

ಕಾಗದಕ್ಕೆ ಕಾರಣ ಇನ್ಷೂರೆನ್ಸ್ ಆಫೀಸಿನ ಹಯಗ್ರೀವ ರಾಯರ ಕಾರು. ಅದೇ ವಿಲಾಯತಿ ಕಾರು, ದೊರೆಯೊಬ್ಬ ಊರು ಬಿಡುವಾಗ ರಾಯರಿಗೆ ಮಾರಿಹೋದದ್ದು. ಎಲ್ಲ ಕಾರಿನಲ್ಲಿ ಟೈಮಿಂಗ್ ಚೈನು ಇದ್ದರೆ ಇದರಲ್ಲಿ ಹಲ್ಲಿರುವ ರಬ್ಬರ್ ಬೆಲ್ಟು. ಶಿವಾಜಿನಗರದ ಮೇಸ್ತ್ರಿಗಳೆಲ್ಲ ನೋಡಿ, 'ಇದೇನ್ರೀ, ಹಿಟ್ಟಿನ ಗಿರಣಿ ಪಟ್ಟಾ ಇದ್ದಂಗಿದೆ' ಎಂದು ಕೈಮುಗಿದು ಕಳಿಸಿದರು. ನೀನು ಮಾತ್ರ, 'ನಾನ್ ಮಾಡ್ತೀನಿ ಅಣ್ಣ, ಇದ್ರಲ್ಲೇನೈತೆ' ಎಂದೆ. ಆಮೇಲೆ ನಡೆದದ್ದು ನಿನಗೂ ಗೊತ್ತು, ನನಗೂ ಗೊತ್ತು. ಆದರೂ ಬರೆಯುತ್ತೇನೆ, ಬರೆದರೆ ಸಾಲಾಗಿ ನಿಲ್ಲುತ್ತದೆ. ಆಯುಧಪೂಜೆಯ ಹಿಂದಿನ ದಿನ ಆಯಿಲ್ ಸೀಲ್ ಬದಲಾಯಿಸಲು ನೀನು ಬೆಲ್ಟು ಬಿಚ್ಚಿದೆ. ಕಂಪನಿಯ ಗುರುತು ಸವೆದು ಹೋಗಿದ್ದರಿಂದ, ಬೆಲ್ಟನ್ನು ಮತ್ತೆ ಅದೇ ಜಾಗಕ್ಕೆ ಕೂರಿಸಲೆಂದು, ಅದು ಸುತ್ತುವ ಮೇಲಿನ ಹಲ್ಲುಗಾಲಿಯ, ಆ ಪುಲ್ಲಿಯ ಮೇಲೆ ಬಿಳಿ ಪೇಂಟಿನ ಬಣ್ಣದಲ್ಲಿ ಒಂದು ಬೊಟ್ಟು ಇಟ್ಟೆ. ಪೂಜೆ ಮುಗಿದ ಮರುದಿನ ಆ ಬೊಟ್ಟಿಗೆ ಸರಿಯಾಗಿ ಬೆಲ್ಟು ಹಾಕಿದೆ. ರಾಯರು ಕೀಲಿ ತಿರುಗಿಸಿದರು, ಕಟಕಟ ಎಂದಿತು, ಅಲ್ಲಿಗೆ ಮುಗಿಯಿತು. ಬೆಲ್ಟು ಎರಡು ಹಲ್ಲು ತಪ್ಪಿ ಕೂತಿತ್ತು, ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಗ್ಗಿದವು, ಕ್ಯಾಮ್ ಶಾಫ್ಟಿನ ಒಂದು ಉಬ್ಬು ಒಡೆದೇ ಹೋಯಿತು. ರಾಯರು, ಪಾಷಾ ಸಾಹೇಬರು, ಬೀದಿಯ ಜನ ಎಲ್ಲ ನೋಡುತ್ತಿದ್ದಂತೆ ನಾನು ನಿನ್ನ ಕೆನ್ನೆಗೆ ಹೊಡೆದೆ. ಇನ್ನು ಈ ಷೆಡ್ಡಿಗೆ ಕಾಲಿಡಬೇಡ ಎಂದೆ. ಸಂಜೆಯೊಳಗೆ ನೀನು ಟ್ರಂಕು ಹಿಡಿದು ಹೊರಟೆ. ಇಪ್ಪತ್ತಾರು ವರ್ಷದ ಗಂಡಸಿಗೆ ಬೀದಿಯಲ್ಲಿ ಹೊಡೆದರೆ ಅವನು ಇನ್ನೇನು ಮಾಡುತ್ತಾನೆ?

ಕಾರು ಅಂದಿನಿಂದ ಇಂದಿರಾನಗರದಲ್ಲಿ ರಾಯರ ಮನೆಯ ಹೊಂಗೆಮರದ ಕೆಳಗೆ ನಿಂತಿತ್ತು. ಹೋದ ತಿಂಗಳು ಆ ದೊರೆಯೇ ಹೊಸ ಕ್ಯಾಮ್ ಶಾಫ್ಟು, ವಾಲ್ವುಗಳು, ಬೆಲ್ಟು ಎಲ್ಲವನ್ನೂ ಹಡಗಿನಲ್ಲಿ ಕಳಿಸಿದನಂತೆ. ರಾಯರು ಒಳ್ಳೆಯವರು, ಮತ್ತೆ ನನ್ನ ಹತ್ತಿರವೇ ಬಂದರು. ಬರಲಿ ಬಿಡು, ಬೇರೆ ಯಾರೂ ಮುಟ್ಟುವವರಿಲ್ಲ. ಗುರುವಾರ ಪಾಷಾ ಸಾಹೇಬರನ್ನು ಜೊತೆಗೆ ಕೂರಿಸಿಕೊಂಡು ಎಂಜಿನ್ನಿನ ಹೆಡ್ಡು ಬಿಚ್ಚಿದೆ. ವಾಲ್ವುಗಳನ್ನು ಕೂರಿಸಿ ಉಜ್ಜಲು ಎರಡು ದಿನ ಹಿಡಿಯಿತು. ಹೊಸ ಶಾಫ್ಟನ್ನು ಎಣ್ಣೆಯಲ್ಲಿ ಮೀಯಿಸಿ, ಬೇರಿಂಗಿನ ಮೇಲೆ ಮಲಗಿಸಿ, ಮುಚ್ಚಳದ ಬೋಲ್ಟುಗಳನ್ನು ನಡುವಿನಿಂದ ಶುರುಮಾಡಿ ಅಂಚಿನವರೆಗೆ ಸ್ವಲ್ಪಸ್ವಲ್ಪವೇ ಬಿಗಿದೆ. ಒಂದು ಕಡೆಯಿಂದ ಬಿಗಿದರೆ ಶಾಫ್ಟು ಬಾಗುತ್ತದೆ ಎಂದು ನನಗೆ ಹೇಳಿಕೊಟ್ಟವನು ನೀನೇ. ಆಗ, 'ಅಣ್ಣನಿಗೇ ಪಾಠ ಹೇಳ್ತೀಯೇನ್ಲಾ' ಎಂದು ಗದರಿದ್ದೆ. ಈಗ ನೀನು ಹೇಳಿದಂತೆಯೇ ಮಾಡಿದೆ.

ಹೊಸ ಶಾಫ್ಟಿನ ಜೊತೆ ಪುಲ್ಲಿ ಬಂದಿರಲಿಲ್ಲ, ಹಳೆಯದನ್ನೇ ಹಾಕಬೇಕು. ಅದರ ಮೇಲೆ ಪೂಜೆಯ ಕುಂಕುಮ, ಎಣ್ಣೆ, ಧೂಳು ಸೇರಿ ಗಟ್ಟಿಯಾಗಿ ಕೂತಿತ್ತು. ನಾನು ಸೀಮೆಎಣ್ಣೆ ಹಾಕಿ ಒರೆಸುತ್ತಿದ್ದೆ. ಆಂಜನಮ್ಮ ನೋಡಿ, 'ಹಂಗೆ ಒರೆಸುದ್ರೆ ವರ್ಷಾನೂ ಹೋಗಲ್ಲ, ಕೊಡಿ ಇಲ್ಲಿ' ಎಂದು ಕಿತ್ತುಕೊಂಡು ಹೋಗಿ ದೇವರ ದೀಪ ಬೆಳಗುವ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಿದಳು. ತಂದುಕೊಟ್ಟಾಗ ಪುಲ್ಲಿ ಫಳಫಳ ಹೊಳೆಯುತ್ತಿತ್ತು. ನೀನು ಬೆಲ್ಟು ಹಾಕಲು ನಂಬಿದ್ದ ಬಿಳಿ ಬೊಟ್ಟು ಮಾತ್ರ ಇರಲಿಲ್ಲ. ಬಣ್ಣ ಹುಣಸೆಹಣ್ಣಿಗೆ ಹೋಗುವುದಿಲ್ಲ, ಹೋಗುವುದು ಸುಣ್ಣ. ಅಲ್ಲಿಂದ ಎರಡು ಹಲ್ಲು ಆಚೆಗೆ, ಕುಂಕುಮ ಮೆತ್ತಿದ್ದ ಜಾಗದ ಅಡಿಯಲ್ಲಿ, ನಿನ್ನ ಬಣ್ಣದ ಬೊಟ್ಟು ಇಟ್ಟಹಾಗೇ ಇತ್ತು. ಪೂಜೆಯ ದಿನ ಅದರ ಮೇಲೆ ಕುಂಕುಮ ಇಟ್ಟು ಮುಚ್ಚಿ, ಜೊತೆಗಿರಲಿ ಎಂದು ಪಕ್ಕದಲ್ಲಿ ಸುಣ್ಣದ ಬೊಟ್ಟು ಇಟ್ಟಿದ್ದಾರೆ. ನಮ್ಮ ಷೆಡ್ಡಿನಲ್ಲಿ ಪೂಜೆ ಮಾಡುವವನು ನಾನೊಬ್ಬನೇ. ಸುತ್ತಿಗೆ, ಸ್ಪ್ಯಾನರು, ಜಾಕು, ಬಿಚ್ಚಿಟ್ಟ ಎಂಜಿನ್ನು ಯಾವುದನ್ನೂ ಬಿಡದೆ ಕೆಂಪು ಬಿಳಿ ಇಟ್ಟವನು ನಾನು.

ಇನ್ನೂ ಒಂದು ಇದೆ. ಅವತ್ತು ಬೆಲ್ಟು ಹಾಕಿದ ಮೇಲೆ ನೀನು, 'ಕೈಯಲ್ಲಿ ಎರಡು ಸುತ್ತು ತಿರುಗಿಸಿ ನೋಡ್ತೀನಿ ತಾಳಣ್ಣ' ಎಂದೆ. ಹಾಗೆ ತಿರುಗಿಸಿದ್ದರೆ, ಎರಡು ಹಲ್ಲು ತಪ್ಪಿದ್ದಕ್ಕೆ ಕೈಗೇ ತಡೆ ಸಿಗುತ್ತಿತ್ತು, ಏನೂ ಮುರಿಯುತ್ತಿರಲಿಲ್ಲ. ಮೂರು ಗಂಟೆಗೆ ರಾಹುಕಾಲ, ಅಷ್ಟರೊಳಗೆ ಕಾರು ಆಚೆ ಹೋಗಬೇಕು ಎಂದು ಆತುರಪಡಿಸಿದವನೂ ನಾನೇ. ರಾಹು ಅಷ್ಟು ದೂರದಿಂದ ಬರುವ ಕಷ್ಟ ತೆಗೆದುಕೊಳ್ಳಲಿಲ್ಲ, ಅವನ ಕೆಲಸವನ್ನು ನಾನೇ ಮಾಡಿ ಮುಗಿಸಿದೆ.

ಈ ಸಲ ರಾಹುಕಾಲ ನೋಡಲಿಲ್ಲ. ನಿನ್ನ ಬಣ್ಣದ ಬೊಟ್ಟನ್ನು ಮೇಲ್ಗಡೆ ಎಂಜಿನ್ನಿನ ಮೈಮೇಲಿರುವ ಗೀಟಿಗೆ ಸೇರಿಸಿ, ಕೆಳಗಿನ ಕ್ರ್ಯಾಂಕಿನ ಗುರುತನ್ನು ಅದರ ಗೀಟಿಗೆ ಸೇರಿಸಿ, ಬೆಲ್ಟು ಏರಿಸಿದೆ. ಬೆರಳಲ್ಲಿ ತಿರುಚಿದರೆ ಕಾಲು ಸುತ್ತಷ್ಟೇ ತಿರುಗುವ ಹಾಗೆ ಬಿಗಿ ಕೊಟ್ಟೆ. ಆಮೇಲೆ ಎಂಜಿನ್ನನ್ನು ಪ್ರದಕ್ಷಿಣೆಯಾಗಿ, ಎಂದಿಗೂ ಅಪ್ರದಕ್ಷಿಣೆಯಾಗಿ ಅಲ್ಲ, ಕೈಯಲ್ಲೇ ಎರಡು ಸುತ್ತು ತಿರುಗಿಸಿದೆ. ಎಲ್ಲಿಯೂ ತಡೆಯಲಿಲ್ಲ, ಎರಡು ಗುರುತೂ ಬಂದು ತಂತಮ್ಮ ಜಾಗದಲ್ಲಿ ನಿಂತವು. ನಿನ್ನೆ ಬೆಳಿಗ್ಗೆ ಕೀಲಿ ತಿರುಗಿಸಿದ ಕೂಡಲೇ ಹಿಡಿಯಿತು. ರಾಯರು ದೊಡ್ಡನೆಕ್ಕುಂದಿಯವರೆಗೆ ಓಡಿಸಿಕೊಂಡು ಬಂದು, ನನ್ನ ಕೈಗುಣ ದೊಡ್ಡದು ಎಂದರು. ನನಗೆ ನಾಚಿಕೆಯಾಯಿತು. ಗುರುತು ನಿನ್ನದು, ಕೆಲಸ ನಿನ್ನದು, ಹೊಗಳಿಕೆ ಮಾತ್ರ ನನಗೆ. ಪುಲ್ಲಿಯನ್ನು ತೋರಿಸಿ ರಾಯರಿಗೆ ಇದ್ದದ್ದನ್ನು ಹೇಳಿದೆ. ಪಾಷಾ ಸಾಹೇಬರಿಗೂ ಹೇಳಿದೆ. ಅವರು ಗಡ್ಡ ಕೆರೆದುಕೊಂಡು, 'ಬೇಗ ಗೊತ್ತಾಯ್ತಲ್ಲ, ಇನ್ನೂ ಹತ್ತು ವರ್ಷ ಬಿಟ್ಟು ತೊಳೀಬೇಕಿತ್ತು' ಎಂದು ಎದ್ದುಹೋದರು.

ಊಟ ಬಿಡಬೇಡ. ನಿನ್ನ ಯಜಮಾನರಿಗೆ ನನ್ನ ನಮಸ್ಕಾರ ತಿಳಿಸು. ಆಂಜನಮ್ಮ ಕೇಳಿದಳೆಂದು ಹೇಳಲು ಹೇಳಿದ್ದಾಳೆ. ಅಮ್ಮನ ಆಶೀರ್ವಾದ ನಿನ್ನ ಮೇಲಿದೆ. ನನ್ನದು ಬೇಕೋ ಬೇಡವೋ ತಿಳಿಯದು, ಬೇಕಾದರೆ ಅದೂ ಇದೆ.

ಇಂತು,
ಮುನಿವೆಂಕಟಪ್ಪ

ವಿ.ಸೂ. ಕಾಗದವನ್ನು ಅಂಚೆ ಡಬ್ಬದವರೆಗೆ ಒಯ್ದು ವಾಪಸು ತಂದೆ. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳು ಉಳಿದಿದೆ. ಸುಣ್ಣದ ಸಂಗತಿ ನನಗೆ ಈಗ ಗೊತ್ತಾದದ್ದಲ್ಲ. ಅವತ್ತು ಎಂಜಿನ್ನು ಸತ್ತ ಕೂಡಲೇ ಬಗ್ಗಿ ಆ ಬೊಟ್ಟನ್ನು ಮುಟ್ಟಿ ನೋಡಿದೆ, ಬೆರಳಿಗೆ ಸುಣ್ಣದ ಬಿಳಿ ಹತ್ತಿತು. ಪಂಚೆಗೆ ಒರೆಸಿಕೊಂಡೆ, ಆಮೇಲೆ ನಿನಗೆ ಹೊಡೆದೆ. ಅಷ್ಟು ಜನರೆದುರು ತಪ್ಪು ನನ್ನದೆನ್ನಲು ಬಾಯಿ ಬರಲಿಲ್ಲ. ಈಗ ತಾನೇ ಅಮ್ಮನಿಗೆ ಇದನ್ನು ಹೇಳಿದೆ. 'ಅವನ್ನ ಬಾ ಅಂತ ಬರೀಬ್ಯಾಡ, ಕರಿಯೋ ಬಾಯಿ ನಿಂದಲ್ಲ' ಎಂದಳು. ಅದಕ್ಕೇ ಕರೆಯುತ್ತಿಲ್ಲ. ಸೋಮವಾರ ನಾನೇ ಹೊಸಪೇಟೆಗೆ ಬರುತ್ತೇನೆ, ನಿನ್ನ ಯಜಮಾನರು, ಕೆಲಸದವರು, ಡ್ರೈವರುಗಳು ಎಲ್ಲರೂ ಷೆಡ್ಡಿನಲ್ಲಿರುವ ಹೊತ್ತಿಗೆ. ಹೊಡೆದದ್ದು ಜನರೆದುರು, ಇದನ್ನೂ ಜನರೆದುರೇ ಹೇಳಿ ಸಂಜೆಯ ಬಸ್ಸಿಗೆ ಹಿಂದಿರುಗುತ್ತೇನೆ.