ಆರುನೂರಕ್ಕೆ ನಿಂತ ಎಣಿಕೆ

ಸೊಲ್ಲಾಪುರ
೧೪ ನವೆಂಬರ್ ೧೯೭೪

ಪೂಜ್ಯ ಕಲ್ಯಾಣಮ್ಮ ವೈನಿಯವರಿಗೆ,

ಅಣ್ಣಾರಾಯನ ನಮಸ್ಕಾರಗಳು. ನಿಮ್ಮ ಎರಡು ಕಾಗದಗಳಿಗೂ ಉತ್ತರ ಬರೆಯದೆ ಹತ್ತು ದಿನ ಸುಮ್ಮನಿದ್ದೆ. ಬೈಯಿರಿ, ಬೈಸಿಕೊಳ್ಳುತ್ತೇನೆ. ಆದರೆ ಸಾತಲಿಂಗನನ್ನು ಕರಜಗಿಗೆ ವಾಪಸು ಕರೆದೊಯ್ಯಲು ಮಾತ್ರ ಬಸ್ಸು ಹತ್ತಬೇಡಿ. ನಿಮ್ಮ ಮಗ ಗುಣವಾಗಿದ್ದಾನೆ. ಇವತ್ತು ಮೂರು ರೊಟ್ಟಿ ತಿಂದು, ಪಲ್ಯಕ್ಕೆ ಉಪ್ಪು ಸಾಲದೆಂದು ನನ್ನವಳ ಜೊತೆ ಜಗಳವನ್ನೂ ಆಡಿದ.

ನಡೆದದ್ದು ಇಷ್ಟು. ಶೇಂಗಾ ಕೀಳಲು ಊರಿಗೆ ಬಂದವನು ಎರಡು ತಿಂಗಳ ಮೇಲೆ ಕುಸ್ತಿ ತಾಲೀಮಿಗೆ ಮರಳಿ, ಮೊದಲ ದಿನವೇ ಕೂತೆದ್ದು ಐನೂರು ಬೈಠಕ್ ಹೊಡೆದ. ಮರುದಿನ ತೊಡೆ ಹಿಡಿದು ಮೆಟ್ಟಿಲು ಇಳಿಯಲೂ ಆಗಲಿಲ್ಲ. ನಮ್ಮ ತಾಲೀಮಿನ ಪದ್ಧತಿ ಪೈಲವಾನನ ಹೆಂಡತಿಯಾದ ನಿಮಗೆ ಗೊತ್ತೇ ಇದೆ. ತೊಡೆ ಹಿಡಿದರೆ ಮರುದಿನ ಎರಡರಷ್ಟು ಹೊಡೆಯಬೇಕು. ಎಣಿಸುವವನು ನಿಲ್ಲಿಸುವ ತನಕ ನಿಲ್ಲುವಂತಿಲ್ಲ, ನೀರು ಮುಟ್ಟುವಂತಿಲ್ಲ. ಎಣಿಸುವವನು ನಾನು. ಆರುನೂರಾದಾಗ ಅವನು ಏದುಸಿರು ಬಿಡುತ್ತಲೇ, "ಕಾಕಾ, ಮುಂಜಾನಿ ಉಚ್ಚಿ ಕರೀ ಚಾದಂಗ ಬಂತು" ಎಂದ. ನಾನು ಎಣಿಕೆ ನಿಲ್ಲಿಸಿದೆ.

"ಸಾವಿರ ಆಗಿಲ್ಲಲೇ ಅಣ್ಣಾರಾಯಾ!" ಎಂದು ಉಸ್ತಾದ ರಾಚಪ್ಪ ಕೂಗಿದರು. ಕಿವಿಗೆ ಹಾಕಿಕೊಳ್ಳದೆ ಹುಡುಗನನ್ನು ಟಾಂಗಾ ಹತ್ತಿಸಿ ದವಾಖಾನೆಗೆ ಒಯ್ದೆ.

ಡಾಕ್ಟರು ಬಿಡಿಸಿ ಹೇಳಿದರು: "ಅತಿ ದಣಿಸಿದ್ದಕ್ಕ ತೊಡಿ ಸ್ನಾಯು ಒಡದು ರಕ್ತದಾಗ ಕೂಡೈತಿ. ಅದರ ಬಣ್ಣಾನ ಇದು. ಉಚ್ಚಿ ಕಟ್ಟಿತ್ತಂದ್ರ ಜೀವಕ್ಕ ಸಂಚಕಾರ ಇತ್ತು. ಛಲೋ ವ್ಯಾಳ್ಯಾಕ್ಕ ತಂದೀರಿ." ನಾಲ್ಕು ದಿನ ಸಲಾಯಿನ್ ಹಚ್ಚಿದರು. ಆಮೇಲೆ ಕೆಮ್ಮು, ಜ್ವರ ಬಂದಾಗ ನಾನು ಹೆದರಿದೆ. ಮೈ ಹೀಗೆ ಸೋತಾಗ ರೋಗ ತಡೆಯುವ ಶಕ್ತಿಯೂ ಕೆಲವು ದಿನ ಕುಗ್ಗುತ್ತದಂತೆ. ಆ ಜ್ವರವೂ ಇಳಿಯಿತು.

ಈಗ ತಾಲೀಮಿನಲ್ಲಿ ನನ್ನ ಕಾಯಿದೆ ನಡೆಯುತ್ತಿದೆ. ಮಣ್ಣಿನ ಪಕ್ಕದಲ್ಲೇ ನೀರಿನ ಕೊಡ ಇಟ್ಟಿದ್ದೇನೆ. ಕೆಲವು ದಿನ ಬಿಟ್ಟು ಬಂದವನು ಐವತ್ತರಿಂದ ಶುರು ಮಾಡಬೇಕು. ಕೆಮ್ಮಿದವನು ಮನೆಯಲ್ಲಿ ಮಲಗಬೇಕು. ರಾಚಪ್ಪನವರು ಎರಡು ದಿನ ಮುಖ ಊದಿಸಿಕೊಂಡಿದ್ದರು. ಮೂರನೇ ದಿನ ಅದೇ ಕೊಡದ ನೀರು ಕುಡಿದರು. ಸಾತಲಿಂಗ ತಿಂಗಳ ಮೇಲೆ ಮಣ್ಣಿಗಿಳಿಯುತ್ತಾನೆ, ಡಾಕ್ಟರು ಹೂಂ ಎಂದ ಮೇಲೆಯೇ. ಅವನನ್ನು ನನ್ನ ಹತ್ತಿರ ಬಿಡಿ ವೈನಿ. ಅವನ ಮೈಗೆ ನಾನು ಜವಾಬ್ದಾರ.

ನಿಮ್ಮ ಆಶೀರ್ವಾದ ನಮ್ಮಿಬ್ಬರ ಮೇಲೂ ಇರಲಿ.

ನಿಮ್ಮ ಮೈದುನ,
ಅಣ್ಣಾರಾಯ

ತಾ.ಕ.: ಅಣ್ಣ ಜ್ವರದಿಂದ ಹೋದನೆಂದು ಊರೆಲ್ಲ ಹೇಳಿತು. "ಕಡೀಕ ನಿಮ್ಮಣ್ಣ ಏನರ ಹೇಳಿದ್ರೇನು?" ಎಂದು ನೀವು ಇಪ್ಪತ್ತೊಂದು ವರ್ಷದಿಂದ ಕೇಳುತ್ತಿದ್ದೀರಿ. ಏನೂ ಇಲ್ಲ ಎನ್ನುತ್ತ ಬಂದೆ. ಅದು ಸುಳ್ಳು ವೈನಿ. ಅವನು ಹಾಸಿಗೆ ಹಿಡಿಯುವ ಹಿಂದಿನ ದಿನ ಎಣಿಸುತ್ತಿದ್ದವನು ನಾನೇ. ಮಗ ಹೇಳಿದ ಮಾತನ್ನೇ ಅವತ್ತು ಅಪ್ಪನೂ ಹೇಳಿದ. "ಉಷ್ಣ ಆಗೇತಿ, ಹೊಡಿ" ಎಂದು ನಾನು ಸಾವಿರದವರೆಗೂ ಎಣಿಸಿದೆ.