ಭಾಷಣವಿಲ್ಲದ ಸಭೆ

ಬಿಳಿಗೆರೆ
18-8-2003

ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರಿಗೆ, ನಂಜನಗೂಡು

ಮೇಡಂ ಅವರಿಗೆ ನಮಸ್ಕಾರ.

ಜೂನ್ ತಿಂಗಳ ತರಬೇತಿಗೆ ಉಪನ್ಯಾಸಕರು ಬಾರದಿದ್ದರೂ ಸಭೆ ನಡೆಸಿದ್ದೇಕೆ ಎಂದು ತಾವು ನೋಟಿಸಿನಲ್ಲಿ ಕೇಳಿದ್ದೀರಿ. ನಡೆಸೋಣ ಎಂದು ಮೊದಲು ಹೇಳಿದವಳು ನಾನೇ. ಇಪ್ಪತ್ತೆರಡು ಅಂಗನವಾಡಿ ಕಾರ್ಯಕರ್ತೆಯರು ಊರೂರಿಂದ ಬಂದಿದ್ದೆವು. ಸುಮ್ಮನೆ ಹಿಂತಿರುಗುವ ಬದಲು, ಒಬ್ಬೊಬ್ಬರೂ ತಮಗೆ ಬಗೆಹರಿಯದ ಒಂದು ಸಂಗತಿ ಹೇಳಲಿ, ಗೊತ್ತಿದ್ದವರು ಉತ್ತರ ಕೊಡಲಿ ಎಂದೆ.

ನಾನು ನಮ್ಮ ಕೇಂದ್ರದ ಬಿಂದುಶ್ರೀ ವಿಷಯ ಹೇಳಿದೆ. ಮೂರು ವರ್ಷದ ಆ ಹುಡುಗಿ ಕರೆದರೆ ತಿರುಗುತ್ತಿರಲಿಲ್ಲ, ಮಾತೂ ಆಡುತ್ತಿರಲಿಲ್ಲ. ಹಠಮಾರಿ ಎಂದು ನಾನೇ ಎರಡು ಸಲ ಗದರಿದ್ದೆ.

ತಾಂಡವಪುರದ ದೇವೀರಮ್ಮ ಯಾವ ಸಭೆಯಲ್ಲೂ ಬಾಯಿ ಬಿಟ್ಟವರಲ್ಲ. ಅವತ್ತು ಅವರು, "ನಮ್ಮಲ್ಲೂ ಒಂದ್ ಕೂಸು ಇಂಗೇ ಇತ್ತು ಕಣವ್ವ. ಬೆನ್ನಿಂದೆ ನಿಂತ್ಕಂಡು ತಟ್ಟೆ ಬಡ್ದು ನೋಡು, ಕಿವಿ ಕೇಳಕಿಲ್ವೇನೋ" ಎಂದರು.

ಮರುದಿನ ಹಾಗೇ ಮಾಡಿದೆ. ಬಿಂದುಶ್ರೀ ತಿರುಗಲಿಲ್ಲ. ಅವಳ ತಾಯಿಯ ಜೊತೆ ಮೈಸೂರಿಗೆ ಹೋಗಿ ತೋರಿಸಿದೆ. ಈಗ ಕಿವಿಗೆ ಮಷೀನು ಹಾಕಿದ್ದಾರೆ. ಮೊನ್ನೆ ಒಗ್ಗರಣೆ ಸಿಡಿದ ಸದ್ದಿಗೆ ಬೆಚ್ಚಿ ಬಂದು ನನ್ನ ಸೆರಗು ಹಿಡಿದುಕೊಂಡಳು.

ನೋಟಿಸಿಗೆ ನನ್ನ ಉತ್ತರ ಇಷ್ಟೇ. ಇನ್ನು ಮುಂದೆ ತಿಂಗಳ ಸಭೆಯಲ್ಲಿ ಒಂದು ಗಂಟೆ ನಮಗೇ ಬಿಟ್ಟುಕೊಡಬೇಕೆಂದು ಕೋರುತ್ತೇನೆ. ತಾವೂ ಬರಬೇಕು. ಚಾಪೆಯ ಮೇಲೆ ನಮ್ಮ ನಡುವೆಯೇ ಜಾಗ ಬಿಟ್ಟಿರುತ್ತೇವೆ. ತಮಗೆ ಬಗೆಹರಿಯದ್ದೂ ಒಂದಿದ್ದರೆ ತನ್ನಿ.

ತಮ್ಮ ವಿಧೇಯ,
ಸಂಘಮಿತ್ರಾ
ಅಂಗನವಾಡಿ ಕಾರ್ಯಕರ್ತೆ