ಅಕ್ಕನ ಊರಿನ ಹೋಟೆಲ್ ಬಿಲ್

ನವೆಂಬರ್ ೧೪, ಗುರುವಾರ

ಅಕ್ಕನ ಊರಿಗೆ ಆಫೀಸಿನ ಕೆಲಸಕ್ಕೆ ಹೋಗಿಬಂದ ಖರ್ಚೆಲ್ಲ ಇಂದು ನನ್ನ ಖಾತೆಗೆ ವಾಪಸ್ ಬಂತು. ರೈಲು, ಹೋಟೆಲ್ ರೂಮು, ಗಿರಾಕಿಗೆ ಕೊಡಿಸಿದ ಊಟ, ಯಾವುದಕ್ಕೂ ತಕರಾರಿಲ್ಲ. ಅದೇ ಖುಷಿಯಲ್ಲಿರುವಾಗ ಅಕ್ಕನ ಫೋನು.

"ಹೋದ ವಾರ ನಮ್ಮೂರಿಗೆ ಬಂದಿದ್ಯಂತೆ. ನಿಮ್ಮ ಭಾವ ಹೋಟೆಲ್ ಬಾಗಿಲಲ್ಲಿ ನೋಡಿದ್ರಂತೆ. ರೂಮು ಚೆನ್ನಾಗಿತ್ತೇನೋ?"

ನಾನು ತಡವರಿಸಿದೆ. "ಹೇಗೂ ಕಂಪನಿ ಕೊಡುತ್ತಲ್ಲ ಅಕ್ಕ, ನಿನಗ್ಯಾಕೆ ತೊಂದರೆ ಅಂತ..."

"ತೊಂದರೆ ಕೊಡೋಕಲ್ದೆ ತಮ್ಮ ಅಂತ ಯಾಕಿರ್ತಾನೋ?"

ನಗುತ್ತಲೇ ಅಂದಳು, ಆದರೆ ದನಿ ಬಿಗಿದಿತ್ತು. ನಾನು ಹೇಳಿದ್ದೂ ಸುಳ್ಳು. ಪುಕ್ಕಟೆ ರೂಮು ಸಿಕ್ಕ ಸಂಭ್ರಮದಲ್ಲಿ ಅವಳ ನೆನಪೇ ಆಗಿರಲಿಲ್ಲ.

ಭಾನುವಾರ ನನ್ನ ದುಡ್ಡಲ್ಲೇ ಹೋಗಬೇಕು. ಅವಳು ಬಾಗಿಲು ತೆಗೆದ ಕೂಡಲೇ ಏನನ್ನಲಿ? ಅಕ್ಕ, ಹಸಿವು ಅನ್ನಲಾ, ಇಲ್ಲ ತಪ್ಪಾಯ್ತು ಅನ್ನಲಾ?